ಹಾಲ್ಟರ್ ಎಲ್ಲಿ ಹರಿಯಬೇಕು, ಎಲ್ಲಿ ಹರಿಯಬಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ಕುದುರೆಯನ್ನು ಲಾಯದಿಂದ ಹೊರಗೆ ತರಲು, ಕಟ್ಟಿಹಾಕಲು, ಮೈ ಉಜ್ಜುವಾಗ ಹಿಡಿದುಕೊಳ್ಳಲು ತಲೆಗೆ ತೊಡಿಸುವ ಸಜ್ಜು ಹಾಲ್ಟರ್. ಕಡಿವಾಣಕ್ಕಿರುವ ಬಾಯೊಳಗಿನ ಕಬ್ಬಿಣ ಇದಕ್ಕಿಲ್ಲ. ಕಿವಿಯ ಹಿಂದಿನಿಂದ ಹಾದುಹೋಗುವುದನ್ನು ನೆತ್ತಿಪಟ್ಟಿ, ಎರಡು ಬದಿಗೆ ಇಳಿಯುವುದನ್ನು ಕೆನ್ನೆಪಟ್ಟಿ, ಮೂತಿಯನ್ನು ಬಳಸುವುದನ್ನು ಮೂಗುಪಟ್ಟಿ, ಕೆಳಗಿನದನ್ನು ಗದ್ದದ ಪಟ್ಟಿ, ದವಡೆಯ ಹಿಂದಿನದನ್ನು ಗಂಟಲುಪಟ್ಟಿ ಎಂದು ಇಲ್ಲಿ ಕರೆದಿದ್ದೇವೆ. ಚರ್ಮದ ಹಾಲ್ಟರ್ ಬಗ್ಗೆ ಬಂದ ಪತ್ರಗಳಲ್ಲಿ ಏಳಕ್ಕೆ ಈ ಸಂಚಿಕೆಯಲ್ಲಿ ಉತ್ತರವಿದೆ.

ನಾವು ಕೊಲ್ಹಾಪುರಿ ಚಪ್ಪಲಿ ಮಾಡುವವರು. ಕುದುರೆ ಸವಾರಿ ಶಾಲೆಯೊಂದು ಹಾಲ್ಟರ್ ಮಾಡಿಕೊಡುತ್ತೀರಾ ಎಂದು ಕೇಳಿದೆ. ಚಪ್ಪಲಿಗೆ ಬಳಸುವ ಚರ್ಮವೇ ಇದಕ್ಕೆ ಆಗುತ್ತದೆಯೇ? — ಅಥಣಿಯ ಓದುಗರು

ಅರ್ಧ ದಾರಿ ನೀವು ಆಗಲೇ ಕ್ರಮಿಸಿದ್ದೀರಿ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ ಹಾಲ್ಟರ್‌ಗೆ ಬೇಕಾದ ಜಾತಿಯದೇ. ಅಂಚು ಗಟ್ಟಿಯಾಗಿ ನಿಲ್ಲುತ್ತದೆ, ಉಜ್ಜಿದರೆ ಹೊಳಪು ಬರುತ್ತದೆ, ಎಳೆದರೆ ರಬ್ಬರಿನಂತೆ ಹಿಗ್ಗುವುದಿಲ್ಲ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಮೆತ್ತಗಿರುತ್ತದೆ. ಆದರೆ ಅದು ಹಿಗ್ಗುತ್ತದೆ, ತೂತುಗಳು ಉದ್ದವಾಗುತ್ತವೆ, ಇವತ್ತು ಸರಿಹೊಂದಿದ ಹಾಲ್ಟರ್ ಕೆಲವು ತಿಂಗಳಲ್ಲಿ ಮೂತಿಯ ಮೇಲೆ ಜಾರುತ್ತದೆ. ಮಾರುವವರು ಯಾವ ಹದ ಎಂದು ಖಚಿತವಾಗಿ ಹೇಳದಿದ್ದರೆ ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿ ನೋಡಿ. ತೊಗಟೆ ಹದದ್ದು ಮುದುಡಿ ಸುರುಳಿಯಾಗುತ್ತದೆ, ಕ್ರೋಮ್ ಹದದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕತ್ತರಿಸಿದ ಅಂಚಿನ ನಡುವೆ ನೀಲಿ ಅಥವಾ ಹಸಿರು ಛಾಯೆ ಕಂಡರೂ ಅದು ಕ್ರೋಮ್.

ವ್ಯತ್ಯಾಸ ಇರುವುದು ಕೊಬ್ಬಿನ ಅಂಶದಲ್ಲಿ. ಚಪ್ಪಲಿಯ ತಳ ಗಡುಸಾಗಿದ್ದಷ್ಟೂ ಒಳ್ಳೆಯದು, ಹಾಗಾಗಿ ಆ ಚರ್ಮಕ್ಕೆ ಕೊಬ್ಬು ಊಡಿಸಿರುವುದಿಲ್ಲ. ಹಾಲ್ಟರ್ ಪಟ್ಟಿ, ಪಟ್ಟಿಗಳನ್ನು ಜೋಡಿಸುವ ಲೋಹದ ರಿಂಗಿನ ಸುತ್ತ ಮಡಚಬೇಕು, ಬೆವರು ತಾಳಬೇಕು, ದಿನಕ್ಕೆ ಹತ್ತಾರು ಸಲ ಬಾಗಬೇಕು. ಒಣ ಚರ್ಮ ಮಡಿಕೆಯಲ್ಲಿ ಸೀಳುತ್ತದೆ. ಪಟ್ಟಿಗಳನ್ನು ಕತ್ತರಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಮೆದುವಾದ ಚರ್ಮದ ಮಾಂಸದ ಬದಿಗೆ (ಒರಟಾದ ಒಳಬದಿಗೆ), ಸಮಪಾಲು ದನದ ಕೊಬ್ಬು ಮತ್ತು ಮೀನೆಣ್ಣೆ ಬೆರೆಸಿ ಕೈಗೆ ಹಿತವೆನಿಸುವಷ್ಟು ಬಿಸಿ ಮಾಡಿ ಸವರಿ, ನೆರಳಲ್ಲಿ ತೂಗುಹಾಕಿ. ನೀರು ಆರಿಹೋಗುವ ಜಾಗಕ್ಕೆ ಕೊಬ್ಬು ಇಳಿಯುತ್ತದೆ. ಪೂರ್ತಿ ಒಣಗಿದ ಚರ್ಮಕ್ಕೆ ಸವರಿದರೆ ಮೇಲೆ ಮಾತ್ರ ನಿಲ್ಲುತ್ತದೆ, ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಒಳಕ್ಕೆ ಇಳಿಯುವುದೇ ಇಲ್ಲ. ಎರಡು ಮೂರು ದಿನಗಳ ನಂತರ ಮೇಲೆ ಉಳಿದ ಜಿಡ್ಡನ್ನು ಕೆರೆದು ತೆಗೆದು, ಪಟ್ಟಿಯನ್ನು ಕೋಲಿಗೆ ಸುತ್ತಿ ಎಳೆದಾಡಿ.

ಕತ್ತರಿಸುವಾಗ ಬೆನ್ನಿನ ಭಾಗವನ್ನೇ ಆರಿಸಿ, ಬೆನ್ನುಮೂಳೆಗೆ ಸಮಾನಾಂತರವಾಗಿ ಉದ್ದಕ್ಕೆ ಕತ್ತರಿಸಿ. ಹೊಟ್ಟೆಯ ಭಾಗ ಸಡಿಲ, ಅದರಲ್ಲಿ ಚಿಕ್ಕ ಕುಣಿಕೆಗಳನ್ನು ಬಿಟ್ಟು ಬೇರೇನೂ ಮಾಡಬೇಡಿ. ನಮ್ಮ ದನದ ಚರ್ಮ 4 ಮಿ.ಮೀ. ದಪ್ಪಕ್ಕೆ ಸಿಗುವುದು ಕಷ್ಟ. ಅದಕ್ಕಾಗಿ ಪರದಾಡುವ ಬದಲು 2.5ರಿಂದ 3 ಮಿ.ಮೀ. ಚರ್ಮವನ್ನು ಎರಡು ಪದರ ಮಾಡಿ ಹೊಲಿಯಿರಿ. ಎಮ್ಮೆ ಚರ್ಮ ದಪ್ಪ ಸಿಗುತ್ತದೆ, ಆದರೆ ಅದರ ನಾರು ಒರಟು. ನುಣುಪು ಬದಿ ಒಳಗಾಗುವಂತೆ ಬಾಗಿಸಿದಾಗ ದೊಡ್ಡ ದೊಡ್ಡ ಸುಕ್ಕುಗಳು ಎದ್ದರೆ ಆ ಭಾಗವನ್ನು ಬಿಟ್ಟುಬಿಡಿ.

ನಮ್ಮಲ್ಲಿನ ಹಾಲ್ಟರ್‌ಗಳು ಪ್ರತಿ ಸಲವೂ ರಿಂಗಿನ ಪಕ್ಕದಲ್ಲೇ ಹರಿಯುತ್ತವೆ. ಚರ್ಮ ಚೆನ್ನಾಗಿಯೇ ಇರುತ್ತದೆ. ಹೊಲಿಸಿದರೆ ಮತ್ತೆ ಅಲ್ಲೇ ಹರಿಯುತ್ತದೆ. ಕಾರಣವೇನು? — ಸವಾರಿ ಶಾಲೆಯ ಮೇಲ್ವಿಚಾರಕರು, ಬೆಂಗಳೂರು

ಹರಿದ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ. ಹರಿದ ಗೆರೆ ಪಟ್ಟಿಗೆ ಅಡ್ಡಲಾಗಿ, ನೇರವಾಗಿ, ಸೂಜಿತೂತುಗಳನ್ನೇ ಹಿಡಿದು ಸಾಗಿದ್ದರೆ ತಪ್ಪು ಹೊಲಿಗೆಯ ದಿಕ್ಕಿನದು. ರಿಂಗಿನ ಪಕ್ಕದಲ್ಲಿ ಪಟ್ಟಿಗೆ ಅಡ್ಡ ಹೊಲಿಗೆ ಹಾಕುವುದು ಎಲ್ಲ ಕಡೆ ಇರುವ ರೂಢಿ. ನೋಡಲು ಭದ್ರ, ಆದರೆ 25 ಮಿ.ಮೀ. ಪಟ್ಟಿಯಲ್ಲಿ ಅಡ್ಡಕ್ಕೆ ಎಂಟು ತೂತು ಕೊರೆದರೆ ಅದು ಅಂಚೆಚೀಟಿಯ ಹಾಳೆಯಂತೆ ಹರಿಯುವುದಕ್ಕೆಂದೇ ಗೆರೆ ಹಾಕಿಕೊಟ್ಟಂತೆ. ಆ ಹಳೆಯ ತೂತುಗಳ ಪಕ್ಕದಲ್ಲೇ ಮತ್ತೊಂದು ಸಾಲು ಹೊಲಿದು ದುರಸ್ತಿ ಮಾಡಿದರೆ ಪಟ್ಟಿ ಇನ್ನಷ್ಟು ಸೊರಗುತ್ತದೆ.

ಹೊಲಿಗೆ ಪಟ್ಟಿಯ ಉದ್ದಕ್ಕೆ, ಎರಡೂ ಅಂಚಿನಿಂದ 4 ಮಿ.ಮೀ. ಒಳಗೆ, ಎರಡು ಸಾಲಾಗಿ ಇರಲಿ. ರಿಂಗಿನ ಕಡೆ ಅಡ್ಡ ಸಾಲು ಬೇಡ. ಪ್ರತಿ ಸಾಲಿನ ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು ದಾರ ಕತ್ತರಿಸಿ. ಮಡಚಿದ ತುದಿಯನ್ನು ಚೌಕವಾಗಿ ಬಿಡದೆ ಈಟಿಯ ಮೊನೆಯಂತೆ ಕತ್ತರಿಸಿದರೆ ಅಲ್ಲಿಯೂ ಹೊಲಿಗೆ ಓರೆಯಾಗಿ ಸೇರುತ್ತದೆ, ಎಲ್ಲ ತೂತುಗಳೂ ಒಂದೇ ಅಡ್ಡಗೆರೆಯಲ್ಲಿ ಬೀಳುವುದಿಲ್ಲ.

ಎರಡನೆಯ ಕಾರಣ ಮಡಿಕೆಯಲ್ಲಿದೆ. ಮಡಚಲು ಸುಲಭವಾಗಲೆಂದು ರಿಂಗ್ ಕೂರುವ ಜಾಗದಲ್ಲೇ ಚರ್ಮವನ್ನು ತೆಳ್ಳಗೆ ಹೆರೆಯುತ್ತಾರೆ. ಭಾರ ಬೀಳುವುದೂ ಲೋಹ ಉಜ್ಜುವುದೂ ಅದೇ ಜಾಗದಲ್ಲಿ. ಅಲ್ಲಿ ದಪ್ಪ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗಕೂಡದು. ಹೆರೆಯಬೇಕಾದದ್ದು ಮಡಚಿ ಹಿಂದಕ್ಕೆ ತಂದ ತುದಿಯನ್ನು. ಹಿಂದಕ್ಕೆ ಬರುವ ಉದ್ದ 65 ಮಿ.ಮೀ. ಇರಲಿ, ಅದರಲ್ಲಿ ಕೊನೆಯ 25 ಮಿ.ಮೀ. ಮಾತ್ರ ಇಳಿಜಾರಾಗಿ ಹೆರೆಯಿರಿ. ಮಡಚುವ ಜಾಗ ಗಡುಸಾಗಿದ್ದರೆ ಒದ್ದೆ ಮಾಡಿ ಮಡಚಿ, ರಿಂಗ್ ಸಮೇತ ಕ್ಲಾಂಪಿನಲ್ಲಿ ಬಿಗಿದು ಒಣಗಿಸಿ, ಆಮೇಲೆ ಹೊಲಿಯಿರಿ.

ಮೂರನೆಯದು ಬಹಳ ಮಂದಿಯ ಗಮನಕ್ಕೆ ಬಾರದ್ದು. ರಿಂಗಿನ ತಂತಿಯ ದಪ್ಪ 6 ಮಿ.ಮೀ. ಇದ್ದರೆ ಅದರ ಹಿಂದೆ ಎರಡು ಪದರಗಳ ನಡುವೆ ಮೂರು ಮೂಲೆಯ ಸಂದು ಉಳಿಯುತ್ತದೆ. ಕುದುರೆ ಎಳೆದಾಗ ರಿಂಗ್ ಆ ಸಂದಿಗೆ ನುಗ್ಗಿ ಪದರಗಳನ್ನು ಬಿಡಿಸಲು ನೋಡುತ್ತದೆ. ಆಗ ಇಡೀ ಹೊಲಿಗೆಯ ಮೇಲೆ ಹಂಚಿಹೋಗಬೇಕಾದ ಭಾರ ಮೊದಲ ಒಂದೆರಡು ಹೊಲಿಗೆಗಳ ಮೇಲೇ ಬೀಳುತ್ತದೆ. ಒಂದು ಚೂರು ಚರ್ಮವನ್ನು ಬೆಣೆಯಂತೆ ಹೆರೆದು, ಅಂಟು ಹಚ್ಚಿ ಆ ಸಂದಿಗೆ ತುಂಬಿ, ಅದನ್ನೂ ಸೇರಿಸಿ ಹೊಲಿಯಿರಿ. ಮೊದಲ ಹೊಲಿಗೆಗೂ ರಿಂಗಿಗೂ ನಡುವೆ 3–4 ಮಿ.ಮೀ. ಅಂತರವಿರಲಿ. ಚಿಕ್ಕ ಕೆಲಸ, ಹೆಚ್ಚೆಂದರೆ ಐದು ನಿಮಿಷ. ಹಾಲ್ಟರ್‌ನ ಆಯಸ್ಸನ್ನು ಇಷ್ಟು ಹೆಚ್ಚಿಸುವ ಬೇರೆ ಕೆಲಸವಿಲ್ಲ.

ಹೊಲಿಗೆ ಎರಡು ಸೂಜಿಯದಾಗಿರಲಿ. ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಬದಿಯಿಂದ ದಾಟಿಸುವುದು. ಒಂದು ಹೊಲಿಗೆ ಸವೆದು ಕಡಿದರೂ ಪಕ್ಕದವು ಹಿಡಿದಿರುತ್ತವೆ. ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ ಅಷ್ಟೆ. ಒಂದು ಕಡಿದರೆ ಸಾಲು ಬಿಚ್ಚತೊಡಗುತ್ತದೆ. ಆರ್ಡರ್ ದೊಡ್ಡದಿದ್ದು ಎಲ್ಲವನ್ನೂ ಕೈಯಲ್ಲಿ ಹೊಲಿಯಲು ಆಗದಿದ್ದರೆ ಉದ್ದದ ಸಾಲುಗಳನ್ನು ಯಂತ್ರಕ್ಕೆ ಬಿಟ್ಟು, ರಿಂಗಿನ ಪಕ್ಕದ 4 ಸೆಂ.ಮೀ.ಗಳನ್ನು ಮಾತ್ರ ಕೈಯಲ್ಲಿ ಹೊಲಿಯಿರಿ. ಜೇನುಮೇಣ ತಿಕ್ಕಿದ 1 ಮಿ.ಮೀ. ಲಿನನ್ ಅಥವಾ ಪಾಲಿಯೆಸ್ಟರ್ ದಾರ ಸಾಕು. ಇಂಚಿಗೆ ಆರರಿಂದ ಏಳು ಹೊಲಿಗೆ ಇರಲಿ. ಹತ್ತು ಹಾಕಿದರೆ ಅಂದ ಹೆಚ್ಚುತ್ತದೆ, ಚರ್ಮ ಸೊರಗುತ್ತದೆ. ಹೊಲಿಗೆಯ ಉದ್ದದ ಐದು ಪಟ್ಟು ದಾರ, ಅದರ ಮೇಲೆ ಒಂದು ಗೇಣು ತೆಗೆದುಕೊಂಡರೆ ನಡುವೆ ಗಂಟು ಹಾಕುವ ಪ್ರಮೇಯ ಬರುವುದಿಲ್ಲ. ಚುಚ್ಚುವ ಆರಿಯ ಮೊನೆ ವಜ್ರಾಕಾರದ್ದಾಗಿರಲಿ, ಅದನ್ನು ಓರೆಯಾಗಿ ಹಿಡಿಯಿರಿ. ಆಗ ಸೀಳುಗಳು ಒಂದರ ಪಕ್ಕ ಒಂದು ಓರೆಯಾಗಿ ಬೀಳುತ್ತವೆ, ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ದಾರ ಮೇಲೆ ಎದ್ದು ಸವೆಯದಂತೆ ಮೊದಲು ಗೀರು ಹಾಕುತ್ತೀರಲ್ಲ, ಅದರ ಆಳ ದಾರದ ಅರ್ಧ ದಪ್ಪಕ್ಕಿಂತ ಹೆಚ್ಚು ಬೇಡ.

ಅಂಟನ್ನು ನಂಬಬೇಡಿ. ಹೊಲಿಯುವ ತನಕ ಪದರಗಳು ಜಾರದಂತೆ ಹಿಡಿಯುವುದಷ್ಟೇ ಅದರ ಕೆಲಸ.

ಚರ್ಮದ ಹಾಲ್ಟರ್ ಹರಿಯುತ್ತದೆ ಎಂದು ನೈಲಾನಿಗೆ ಬದಲಾಯಿಸಿದ್ದೇವೆ. ಕುದುರೆ ನೋಡಿಕೊಳ್ಳುವ ಹಿರಿಯ ಸೈಸ್ ಒಬ್ಬರು ನೈಲಾನ್ ಅಪಾಯ ಅನ್ನುತ್ತಾರೆ. ಗಟ್ಟಿಯಾಗಿರುವುದು ತಪ್ಪೇ? — ಮೈಸೂರಿನ ಓದುಗರು

ಆ ಹಿರಿಯರು ಹೇಳಿದ್ದು ಸರಿ. ಕಟ್ಟಿದ ಕುದುರೆ ಬೆದರಿ ಹಿಂದಕ್ಕೆ ಎಳೆದಾಗ, ಇಲ್ಲವೇ ಹಾಲ್ಟರ್ ಬೇಲಿಯ ಗೂಟಕ್ಕೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಂಡಾಗ, ಏನೋ ಒಂದು ಹರಿಯಲೇಬೇಕು. ಹಾಲ್ಟರ್ ಹರಿಯದಿದ್ದರೆ ಕಿವಿಯ ಹಿಂದಿನ ನೆತ್ತಿಗೆ, ಕತ್ತಿನ ಮೊದಲ ಮೂಳೆಗಳಿಗೆ ಏಟಾಗುತ್ತದೆ. 450–500 ಕಿಲೋ ತೂಕದ ಪ್ರಾಣಿಯನ್ನು ಬಲದಿಂದ ತಡೆದು ನಿಲ್ಲಿಸುವ ಹಾಲ್ಟರ್ ನಮಗೆ ಬೇಕಿಲ್ಲ. ಎಲ್ಲಿ ಹರಿಯಬೇಕೆಂದು ಮಾಡುವವರು ಮೊದಲೇ ತೀರ್ಮಾನಿಸಿದ, ಹರಿದರೆ ಐದು ನಿಮಿಷದಲ್ಲಿ ಆ ಒಂದು ತುಂಡನ್ನು ಬದಲಿಸಬಹುದಾದ ಹಾಲ್ಟರ್ ಬೇಕು. ಆ ತುಂಡು ನೆತ್ತಿಪಟ್ಟಿಯೇ ಆಗಿರಲಿ. ಅದು ಹರಿದರೆ ಇಡೀ ಹಾಲ್ಟರ್ ತಲೆಯಿಂದ ಕಳಚಿ ಬೀಳುತ್ತದೆ. ಮೂಗುಪಟ್ಟಿ ಹರಿದರೆ ಉಳಿದದ್ದು ಕತ್ತಿಗೆ ಜೋತುಬಿದ್ದು ಕಾಲಿಗೆ ತೊಡರುತ್ತದೆ.

ಲೆಕ್ಕ ಹೀಗೆ. ಒಳ್ಳೆಯ ತೊಗಟೆ ಹದದ ಚರ್ಮ ಒಂದು ಚದರ ಮಿಲಿಮೀಟರಿಗೆ ಸುಮಾರು 2 ಕಿಲೋ ಭಾರ ತಾಳುತ್ತದೆ ಎಂದು ಹಿಡಿಯೋಣ. ಕೆನ್ನೆಪಟ್ಟಿ 25 ಮಿ.ಮೀ. ಅಗಲ, ಎರಡು ಪದರ ಸೇರಿ 6 ಮಿ.ಮೀ. ದಪ್ಪ, ಅಂದರೆ 150 ಚದರ ಮಿ.ಮೀ., 300 ಕಿಲೋ. ನೆತ್ತಿಪಟ್ಟಿಯನ್ನು ಒಂದೇ ಪದರದಲ್ಲಿ, 3 ಮಿ.ಮೀ. ದಪ್ಪಕ್ಕೆ ಮಾಡಿ. ನೆತ್ತಿಯ ಮೇಲೆ ಒತ್ತಡ ಹಂಚಿಹೋಗಲು 25 ಮಿ.ಮೀ. ಅಗಲವೇ ಇರಲಿ, ಬಕಲ್‌ಗೆ ಹೋಗುವ ಎರಡು ತುದಿಗಳನ್ನು 19 ಮಿ.ಮೀ.ಗೆ ಇಳಿಸಿ. ಅಲ್ಲಿ 5 ಮಿ.ಮೀ. ತೂತು ಕಳೆದರೆ ಉಳಿಯುವುದು 14 ಮಿ.ಮೀ., 3ರಿಂದ ಗುಣಿಸಿದರೆ 42 ಚದರ ಮಿ.ಮೀ., ಸುಮಾರು 84 ಕಿಲೋ. ಭಾರ ಎರಡು ಬದಿಗೂ ಹಂಚಿಹೋಗುವುದರಿಂದ ನೇರ ಎಳೆತದಲ್ಲಿ ಸುಮಾರು 170 ಕಿಲೋಗೆ ಹರಿಯುತ್ತದೆ. ಕುದುರೆ ತಲೆ ಓರೆ ಮಾಡಿ ಎಳೆದರೆ ಒಂದೇ ಬದಿಗೆ ಹೆಚ್ಚು ಭಾರ ಬಿದ್ದು ಇನ್ನೂ ಬೇಗ ಹರಿಯುತ್ತದೆ. ಕೈಯಲ್ಲಿ ಹಿಡಿದು ನಡೆಸುವಾಗಿನ ಎಳೆದಾಟಕ್ಕೆ ಇಷ್ಟು ಧಾರಾಳ ಸಾಕು.

ಇದು ಕಾಗದದ ಮೇಲಿನ ಲೆಕ್ಕ. ಚರ್ಮದಿಂದ ಚರ್ಮಕ್ಕೆ ಬಲ ಬದಲಾಗುತ್ತದೆ. ಹೊಸ ತಂಡ ಚರ್ಮ ತಂದಾಗ ಒಂದು ನೆತ್ತಿಪಟ್ಟಿಯ ತುದಿ, ಒಂದು ರಿಂಗ್ ಜೋಡಣೆ, ಎರಡನ್ನೂ ಚೈನ್ ಬ್ಲಾಕಿಗೆ (ಭಾರ ಎತ್ತುವ ಸರಪಳಿ ರಾಟೆಗೆ) ಸಿಕ್ಕಿಸಿ ನಡುವೆ ನೇತಾಡುವ ತಕ್ಕಡಿ ಇಟ್ಟು ಹರಿಯುವವರೆಗೆ ಎಳೆಯಿರಿ. ಎಳೆಯುವಾಗ ಪಕ್ಕಕ್ಕೆ ನಿಲ್ಲಿ. ರಿಂಗ್ ಜೋಡಣೆ ನೆತ್ತಿಪಟ್ಟಿಯ ತುದಿ ತಾಳಿದ್ದರ ಎರಡರಷ್ಟಾದರೂ ತಾಳದಿದ್ದರೆ ಹೊಲಿಗೆಯನ್ನು ತಿದ್ದಿಕೊಳ್ಳಿ.

ನೆತ್ತಿಪಟ್ಟಿಯನ್ನು ಕೆನ್ನೆಪಟ್ಟಿಗೆ ಹೊಲಿದುಬಿಡಬೇಡಿ, ಎರಡು ಬದಿಗೂ ಬಕಲ್ ಇರಲಿ. ಪ್ರತಿ ಹಾಲ್ಟರಿನ ಜೊತೆ ಒಂದು ಹೆಚ್ಚುವರಿ ನೆತ್ತಿಪಟ್ಟಿ ಕೊಡುವುದು ಒಳ್ಳೆಯ ಪದ್ಧತಿ. ನಿಮ್ಮಲ್ಲಿರುವ ನೈಲಾನ್ ಹಾಲ್ಟರ್‌ಗಳನ್ನೂ ಎಸೆಯಬೇಕಾಗಿಲ್ಲ, ಅವುಗಳ ನೆತ್ತಿಪಟ್ಟಿಯನ್ನು ಮಾತ್ರ ಈ ಅಳತೆಯ ಚರ್ಮಕ್ಕೆ ಬದಲಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಹಗ್ಗವನ್ನು ನೇರವಾಗಿ ಗೋಡೆಯ ಬಳೆಗೆ ಕಟ್ಟದೆ, ಬಳೆಗೆ ಸಣಬಿನ ಹುರಿಯ ಒಂದು ಕುಣಿಕೆ ಹಾಕಿ ಅದಕ್ಕೆ ಕಟ್ಟಿ. ಪ್ಲಾಸ್ಟಿಕ್ ಹುರಿ ಈ ಕೆಲಸಕ್ಕೆ ಬೇಡ, ಅದು ಕಡಿಯುವುದಿಲ್ಲ.

ನಮ್ಮದು ಮಾರ್ವಾಡಿ ಕುದುರೆ. ಅಂಗಡಿಯಲ್ಲಿ ಸಿಗುವ ಹಾಲ್ಟರ್ ಕಿವಿಯ ಬುಡ ಉಜ್ಜುತ್ತದೆ, ಕೆನ್ನೆಯ ಮೂಳೆಯ ಮೇಲೆ ಕೂದಲು ಉದುರಿದೆ. ಅಳತೆ ತೆಗೆಯುವುದು ಹೇಗೆ? — ವಿಜಯಪುರದ ಓದುಗರು

ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ಕಿವಿ ಒಳಕ್ಕೆ ಬಾಗಿ ತುದಿಗಳು ಒಂದಕ್ಕೊಂದು ತಾಗುವಂತಿರುತ್ತವೆ, ಎಲ್ಲ ಕಡೆಗೂ ತಿರುಗುತ್ತವೆ. ನೆತ್ತಿಪಟ್ಟಿ ಕಿವಿಗೆ ಅಂಟಿಕೊಂಡಿದ್ದರೆ ಕಿವಿ ತಿರುಗಿದಾಗೆಲ್ಲ ಬುಡ ಉಜ್ಜುತ್ತದೆ. ಪಟ್ಟಿ ಕಿವಿಯಿಂದ ಎರಡು ಬೆರಳು ಹಿಂದೆ ಕೂರಬೇಕು. ಅದು ಮುಂದಕ್ಕೆ ಜಾರುತ್ತಿದ್ದರೆ ಹೆಚ್ಚಿನ ಸಲ ತಪ್ಪು ನೆತ್ತಿಪಟ್ಟಿಯದಲ್ಲ. ಕೆನ್ನೆಪಟ್ಟಿ ಗಿಡ್ಡವಾಗಿರುತ್ತದೆ ಅಥವಾ ಗಂಟಲುಪಟ್ಟಿ ಇಡೀ ಸಜ್ಜನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ನೆತ್ತಿಪಟ್ಟಿಯ ಮುಂದಿನ ಅಂಚನ್ನು ಕಿವಿ ಬರುವ ಎರಡು ಜಾಗದಲ್ಲಿ 5 ಮಿ.ಮೀ.ನಷ್ಟು ಒಳಕ್ಕೆ ಬಾಗಿಸಿ ಕತ್ತರಿಸಿದರೆ ಇನ್ನೂ ಒಳ್ಳೆಯದು.

ಅಳತೆಗೆ ಹಿಗ್ಗದ ಟೇಪು ಬಳಸಿ. ಕಣ್ಣಿನ ಕೆಳಗೆ ಕೆನ್ನೆಯುದ್ದಕ್ಕೂ ಕೈಗೆ ಏಣಿನಂತೆ ತಾಗುವ ಮೂಳೆಯಿದೆ. ಅದು ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಮೂಗುಪಟ್ಟಿ ಕೂರುತ್ತದೆ. ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ. ಮೂತಿಯ ಸುತ್ತಳತೆಯನ್ನು ಆ ಗುರುತಿನಲ್ಲಿ, ಟೇಪಿನ ಕೆಳಗೆ ಎರಡು ಬೆರಳು ಇಟ್ಟುಕೊಂಡೇ ತೆಗೆಯಿರಿ. ಕುದುರೆ ಮೇಯಲು, ಆಕಳಿಸಲು ಅಷ್ಟು ಜಾಗ ಬೇಕು. ಆ ಗುರುತಿನಿಂದ ಕಣ್ಣಿನ ಮಟ್ಟದ ಕೆಳಗಿನವರೆಗೆ ಕೆನ್ನೆಪಟ್ಟಿ, ಅಲ್ಲಿಂದ ನೆತ್ತಿಯ ಮೇಲಾಗಿ ಆ ಬದಿಯ ಅದೇ ಜಾಗದವರೆಗೆ ನೆತ್ತಿಪಟ್ಟಿ. ಮೇಲಿನ ಬಕಲ್ ಕಣ್ಣಿನ ನೇರಕ್ಕೆ ಬಾರದಂತೆ ನೋಡಿಕೊಳ್ಳಿ. ಗಂಟಲುಪಟ್ಟಿಗೆ ನಾಲ್ಕು ಬೆರಳು ಅಡ್ಡಲಾಗಿ ತೂರುವಷ್ಟು ಸಡಿಲ ಬಿಡಿ. ನೆತ್ತಿಪಟ್ಟಿಯ ತುದಿಗೆ 25 ಮಿ.ಮೀ. ಅಂತರದಲ್ಲಿ ಐದು ತೂತು ಹಾಕಿ. ಅಳತೆಗೆ ಸರಿಹೊಂದುವುದು ನಡುವಿನದಾಗಿರಲಿ, ಕೊನೆಯ ತೂತಿನಿಂದ ತುದಿಗೆ 75 ಮಿ.ಮೀ. ಉಳಿಯಲಿ.

ಕೂದಲು ಉದುರಿರುವುದು ಆ ಏಣಿನ ಮೇಲೇ ಆಗಿದ್ದರೆ ಮೂಗುಪಟ್ಟಿ ತೀರ ಮೇಲಿದೆ. ಹಾಗೆಂದು ಬಹಳ ಕೆಳಗೆ ಇಳಿಸಬೇಡಿ, ಮೂಗಿನ ಮೂಳೆ ತುದಿಗೆ ಹೋದಂತೆ ತೆಳ್ಳಗಾಗಿ ಮುಂದೆ ಮೃದ್ವಸ್ಥಿ ಮಾತ್ರ ಉಳಿಯುತ್ತದೆ. ಅಲ್ಲಿ ಒತ್ತಿದರೆ ನೋವು, ಉಸಿರಿಗೂ ತೊಂದರೆ. ಅಳತೆ ಸರಿಯಿದ್ದೂ ಉಜ್ಜುತ್ತಿದ್ದರೆ ಪಟ್ಟಿಯ ಒಳ ಅಂಚಿನ ಮೇಲೆ ಬೆರಳಾಡಿಸಿ. ಚೂಪಾಗಿದ್ದರೆ ಎರಡೂ ಮೂಲೆ ಹೆರೆದು, ಮರಳು ಕಾಗದದಲ್ಲಿ ಉಜ್ಜಿ, ಸ್ವಲ್ಪ ನೀರು ಅಥವಾ ಗೋಂದು ಸವರಿ ಮರದ ತುಂಡಿನಿಂದ ಬಿಸಿಯಾಗುವವರೆಗೆ ತಿಕ್ಕಿ. ಕುರಿಯ ಉಣ್ಣೆ ಸುತ್ತುವವರಿದ್ದಾರೆ. ನಮ್ಮ ಸೆಕೆಯಲ್ಲಿ ಅದು ಬೆವರು, ಧೂಳು ಹಿಡಿದು ಇನ್ನಷ್ಟು ಹುಣ್ಣು ಮಾಡುತ್ತದೆ.

ಹಿತ್ತಾಳೆ ಎಂದು ಕೊಂಡ ಬಕಲ್ ಮುರಿದಾಗ ಒಳಗೆ ಬೂದು ಬಣ್ಣವಿತ್ತು. ಅಯಸ್ಕಾಂತ ಹಿಡಿದು ನೋಡಿಯೇ ತಂದಿದ್ದೆ. — ಹುಬ್ಬಳ್ಳಿಯ ಓದುಗರು

ಅದು ಸತುವಿನ ಎರಕಕ್ಕೆ ಹಿತ್ತಾಳೆಯ ಲೇಪ. ಸತುವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆ ಪರೀಕ್ಷೆ ಉಕ್ಕನ್ನಷ್ಟೇ ಹಿಡಿದುಕೊಡುತ್ತದೆ. ಮರೆಯಾದ ಮೂಲೆಯಲ್ಲಿ ಅರದಿಂದ ಒಂದು ಗೀರು ಎಳೆಯಿರಿ, ಒಳಗೂ ಹಳದಿಯಿದ್ದರೆ ಹಿತ್ತಾಳೆ. ಸತು ಬಾಗದೆ ಥಟ್ಟನೆ ಮುರಿಯುತ್ತದೆ, ಮುರಿದ ಅಂಚು ಚೂಪು. ಹಿತ್ತಾಳೆ ದುಬಾರಿ ಎನಿಸಿದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ರಿಂಗ್ ಯಾವುದೇ ಇರಲಿ, ಒಳಮೈಯಲ್ಲಿ ಎರಕದ ಏಣು ಉಳಿದಿದ್ದರೆ ಅರ ಹಾಕಿ ನುಣುಪು ಮಾಡಿ, ಅದು ಚರ್ಮವನ್ನು ಒಳಗಿನಿಂದಲೇ ಕೊಯ್ಯುತ್ತದೆ. ಬಕಲ್ಲಿನ ಮುಳ್ಳು ಹೊರಬರುವ ಉದ್ದ ಕಿಂಡಿಗೆ ಮೊದಲು ಎರಡು ತುದಿಗೂ 5 ಮಿ.ಮೀ. ದುಂಡು ತೂತು ಹಾಕಿ, ಆಮೇಲೆ ನಡುವೆ ಕೊಯ್ಯಿರಿ. ಚೂಪು ಮೂಲೆ ಉಳಿದರೆ ಸೀಳು ಅಲ್ಲಿಂದಲೇ ಶುರು.

ಮಳೆಗಾಲದಲ್ಲಿ ಹಾಲ್ಟರ್‌ಗಳಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಎಷ್ಟು ಎಣ್ಣೆ ಹಾಕಿದರೂ ನಿಲ್ಲುತ್ತಿಲ್ಲ. — ಮಡಿಕೇರಿಯ ಓದುಗರು

ಬಿಳಿಯದೆಲ್ಲ ಬೂಷ್ಟಲ್ಲ. ಕೊಬ್ಬು ಊಡಿಸಿದ ಚರ್ಮ ತಂಪಿನಲ್ಲಿ ಮೇಣವನ್ನು ಹೊರಕ್ಕೆ ಬಿಡುತ್ತದೆ. ಅಂಗೈಯಿಂದ ಬಿಸಿಯಾಗುವಂತೆ ತಿಕ್ಕಿ, ಕರಗಿ ಮಾಯವಾದರೆ ಅದು ಚರ್ಮದ್ದೇ ಕೊಬ್ಬು, ಚಿಂತೆ ಬೇಡ. ತಿಕ್ಕಿದರೂ ನಾರುನಾರಾಗಿ ಉಳಿದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಅದನ್ನು ಮನೆಯ ಹೊರಗೆ ಒಣ ಬ್ರಷ್‌ನಿಂದ ಉಜ್ಜಿ, ಗ್ಲಿಸರಿನ್ ಸೋಪಿನ ತೇವ ಸ್ಪಂಜಿನಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಒಲೆಯ ಮೇಲೆ ತೂಗುಹಾಕುವುದು ಕೊಡಗು, ಮಲೆನಾಡಿನಲ್ಲಿ ಸುಲಭಕ್ಕೆ ಕಾಣುವ ದಾರಿ, ಆದರೆ ಅಲ್ಲಿಯ ಕಾವಿಗೆ ಒದ್ದೆ ಚರ್ಮ ಮುದುಡಿ ಗಡುಸಾಗುತ್ತದೆ, ಮತ್ತೆ ಎಷ್ಟು ಎಣ್ಣೆ ಕೊಟ್ಟರೂ ಮೊದಲಿನಂತಾಗುವುದಿಲ್ಲ.

ಎಣ್ಣೆ ಹೆಚ್ಚಾಗಿರುವುದೇ ನಿಮ್ಮಲ್ಲಿ ಸಮಸ್ಯೆ ಇರಬಹುದು. ಎಣ್ಣೆ ಮೆತ್ತಿದ ಪಟ್ಟಿ ನೂಲಿನಂತೆ ಜೋಲುತ್ತದೆ, ಹಿಗ್ಗುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಮಾಂಸದ ಬದಿಗೆ ತೆಳ್ಳಗೆ ಸವರಿದರೆ ಆಯಿತು. ನಡುವೆ ಬೆವರು ಒರೆಸುವುದನ್ನು ಮಾತ್ರ ತಪ್ಪಿಸಬೇಡಿ, ಒಣಗಿದ ಬೆವರಿನ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ಹಿತ್ತಾಳೆಯ ಸುತ್ತ ಕಟ್ಟುವ ಹಸಿರು ಜಿಡ್ಡನ್ನು ಬಿದಿರ ಕಡ್ಡಿಯಿಂದ ಕೆರೆದು ತೆಗೆಯಿರಿ. ವಾಹನದ ಹಳೆಯ ಎಂಜಿನ್ ಆಯಿಲ್ ಯಾವತ್ತೂ ಬೇಡ.

ಮರಿಗೆ ದೊಡ್ಡ ಕುದುರೆಯ ಹಾಲ್ಟರನ್ನೇ ಬಿಗಿಮಾಡಿ ಹಾಕಬಹುದೇ? — ಕುಣಿಗಲ್ಲಿನ ಓದುಗರು

ಬೇಡ. ಜೋತುಬಿದ್ದ ಪಟ್ಟಿಯೊಳಗೆ ಮರಿ ಕಿವಿ ಕೆರೆದುಕೊಳ್ಳುವಾಗ ಹಿಂಗಾಲಿನ ಗೊರಸು ಸಿಕ್ಕಿಸಿಕೊಳ್ಳುತ್ತದೆ. ಮರಿಗೆ 19 ಮಿ.ಮೀ. ಅಗಲದ, ಒಂದೇ ಪದರದ 2.5 ಮಿ.ಮೀ. ಚರ್ಮ ಸಾಕು, ನೆತ್ತಿಪಟ್ಟಿಯ ತುದಿ 12 ಮಿ.ಮೀ.ಗೆ ಇಳಿಸಿ. ನೆತ್ತಿಯಲ್ಲಿ ಮಾತ್ರವಲ್ಲದೆ ಮೂಗುಪಟ್ಟಿಗೂ ಗದ್ದದ ಪಟ್ಟಿಗೂ ಒಂದೊಂದು ಬಕಲ್ ಇರಲಿ, ಏಕೆಂದರೆ ಮರಿಯ ಮೂತಿ ಬೆಳೆಯುವ ವೇಗಕ್ಕೆ ಹೊಲಿದ ಮೂಗುಪಟ್ಟಿ ಬೇಗ ಬಿಗಿಯಾಗಿ ಚರ್ಮದೊಳಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಎರಡು ಬೆರಳು ತೂರಿಸಿ ನೋಡಿ. ಕೆಲಸ ಮುಗಿದೊಡನೆ ಹಾಲ್ಟರ್ ಕಳಚಿ, ಮರಿಯನ್ನು ಬರಿದಲೆಯಲ್ಲಿ ತಾಯಿಯ ಬಳಿ ಬಿಡಿ.